ಮಾವ-ಸೊಸೆ ಕಂಪನಿ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳಿಗೆ ಕಂಪ್ಯೂಟರಿನ ಹುಚ್ಚು ಹಿಡಿಸಿದ್ದು ಅವಳ ಮಾವ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಮನುಷ್ಯ. ಸುಮ್ಮನೆ ಕೂರುವ ಜಾಯಮಾನದವರಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅವರ ಕೋಣೆಗೆ ಕಾಫಿ ಕೊಡಲು ಹೋದ ಸೊಸೆ, ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ಕಂಪ್ಯೂಟರನ್ನು ನೋಡಿ, "ಇದರೊಳಗೆ ಮೊದಲು ಏಳೋದು ಯಾವುದು ಮಾವ?" ಎಂದು ಕೇಳಿಬಿಟ್ಟಳು. ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಅವರ ಯಂತ್ರಗಳ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಕಾಫಿ ಆರಿಹೋಯಿತು, ಮಾತು ಮುಗಿಯಲಿಲ್ಲ.

ಹಾಗೆ ಶುರುವಾದದ್ದು, ಇಬ್ಬರೂ ಸೇರಿ, ಕಂಪ್ಯೂಟರನ್ನು ಎಬ್ಬಿಸಿ ನಡೆಸುವ ಆಪರೇಟಿಂಗ್ ಸಿಸ್ಟಂ ಒಂದನ್ನು ತಾವೇ ಬರೆಯುವ ತನಕ ಹೋಯಿತು. ಲೋಕದಲ್ಲಿ ಅಂಥವು ಬೇಕಾದಷ್ಟಿವೆ, ಇನ್ನೊಂದು ಯಾಕೆ ಎಂದು ಗಂಡ ಕೇಳಿದರೆ, "ಅಂಗಡೀಲಿ ಸ್ವೆಟರ್ ರಾಶಿ ಬಿದ್ದಿದೆ, ಜನ ಹೆಣೆಯೋದು ಬಿಟ್ಟಿದ್ದಾರಾ?" ಎನ್ನುತ್ತಿದ್ದಳು. ಅವರ ಸಿಸ್ಟಂ ಮಾಡುತ್ತಿದ್ದ ಘನಕಾರ್ಯ ಇಷ್ಟೇ: ಕಪ್ಪು ಪರದೆಯ ಮೇಲೆ "ಮಾವ-ಸೊಸೆ ಕಂಪನಿ" ಎಂದು ಬರೆದು, ಮುಂದೇನು ಎಂಬಂತೆ ಕಾಯುವುದು. ಆ ಅಕ್ಷರಗಳನ್ನು ಚೌಕದ ಹಾಳೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಬಿಡಿಸಿದ್ದು ಮಾವ. ಪರದೆಗೆ ಏರಿಸಿದ್ದು ಸೊಸೆ.

ಜಗಳವಾದದ್ದು ಕಂಪೈಲರ್ ವಿಷಯಕ್ಕೆ, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಸಾಧನದ ವಿಷಯಕ್ಕೆ. ಯಾವ ಕೀ ಒತ್ತಿದರೂ ಸಿಸ್ಟಂ ಕಲ್ಲಾಗಿ ನಿಂತುಬಿಡುತ್ತಿತ್ತು. ತಪ್ಪು ಹಳೇ ಕಂಪೈಲರಿನದು, ಹೊಸದು ಕಟ್ಟೋಣ ಎಂದಳು ಸೊಸೆ. ತಪ್ಪು ನಾವು ಬರೆದದ್ದರಲ್ಲೇ ಇದೆ, ಇನ್ನೊಮ್ಮೆ ನೋಡೋಣ ಎಂದರು ಮಾವ. ಮಾತಿಗೆ ಮಾತು ಬೆಳೆಯಿತು.

"ನಿಮ್ಮ ಕಾಲದ ಸಾಮಾನು ನಿಮ್ಮ ಕಾಲಕ್ಕೇ ಸಾಕು ಮಾವ," ಎಂದುಬಿಟ್ಟಳು ಸೊಸೆ.

ಮಾವ ಕನ್ನಡಕ ತೆಗೆದು ಒರೆಸಿದರು. ಅವಳೇ ಉಜ್ಜಿಕೊಟ್ಟ ಗಾಜು. "ಸರಿಯಮ್ಮ, ನೀನೇ ನೋಡ್ಕೋ," ಎಂದು ಕೋಣೆಗೆ ಹೋದರು.

ಆಮೇಲೆ ಊಟಕ್ಕೆ ಕರೆದರೆ ಬರುತ್ತಿದ್ದರು, ಉಪ್ಪು ಕೇಳುತ್ತಿದ್ದರು, ಸಿಸ್ಟಂ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಆ ಮಾತು ಆಡಬಾರದಿತ್ತು ಎಂದು ಸೊಸೆಗೆ ದಿನವೂ ಸಂಕಟ. ಆದರೆ ಬರಿಗೈಯಲ್ಲಿ ಹೋಗಲು ಜಂಬ ಬಿಡಲಿಲ್ಲ. ಮೊದಲು ಸಿಸ್ಟಂ ಓಡಲಿ, ಅದನ್ನು ತೋರಿಸಿ ತಪ್ಪಾಯಿತು ಅನ್ನುತ್ತೇನೆ ಎಂದುಕೊಂಡಳು. ಗೆದ್ದು ಕ್ಷಮೆ ಕೇಳುವ ಆಸೆ ಯಾರಿಗಿಲ್ಲ ಹೇಳಿ!

ಹೊಸ ಕಂಪೈಲರ್ ಕಟ್ಟಿದಳು. ಸುಲಭದ ಮಾತಲ್ಲ ಅದು. ಒಂದು ಸಾಧನ ಕಟ್ಟಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು, ನಡುವೆ ಎಲ್ಲೋ ಎಡವಿದರೆ ಮೊದಲಿಂದ. ಅಂತೂ ಕಟ್ಟಿ, ಸಿಸ್ಟಂ ಅನ್ನು ಅದರಲ್ಲಿ ಇಳಿಸಿ, ಮೆಟ್ಟಿಲ ಕೆಳಗಿದ್ದ ಪರೀಕ್ಷೆಯ ಯಂತ್ರವನ್ನು ಚಾಲೂ ಮಾಡಿದಳು. ಆ ಯಂತ್ರಕ್ಕೆ ಸಿಸ್ಟಂ ಇಟ್ಟುಕೊಳ್ಳಲು ಸ್ವಂತದ ಡಿಸ್ಕ್ ಇಲ್ಲ. ಎದ್ದ ಕೂಡಲೇ ನೆಟ್‌ವರ್ಕ್ ತಂತಿಯ ಮೇಲೆ, ಯಾರಾದರೂ ಇದ್ದೀರಾ, ನನಗೊಂದು ಸಿಸ್ಟಂ ಕೊಡಿ ಎಂದು ಕೂಗುತ್ತದೆ. ಕೊಡಬೇಕಾದದ್ದು ಸೊಸೆಯ ಲ್ಯಾಪ್‌ಟಾಪ್. ಪರದೆಯ ಮೇಲೆ ಹೆಸರು ಬಂತು. ಕೀ ಒತ್ತಿದಳು. ಕಲ್ಲು.

ಹಾಗಾದರೆ ಮಾವ ಹೇಳಿದ್ದೇ ಸರಿಯೇ? ಬರೆದದ್ದನ್ನು ತಿದ್ದಿದಳು. ಮತ್ತೆ ಕಲ್ಲು. ತಿದ್ದಿದ್ದನ್ನೇ ತಿದ್ದಿದಳು. ಜಪ್ಪಯ್ಯ ಅಂದರೂ ಅದು ಅಲ್ಲಾಡಲಿಲ್ಲ. ಅಂಗಡಿಯಲ್ಲೂ ಅದೇ ಧ್ಯಾನವಾಗಿ, ಯಾರದೋ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಮಾಲೀಕರಿಂದ ಬೈಸಿಕೊಂಡಳು.

ಇಷ್ಟು ಸಾಲದು ಅಂತ ಗಂಡ ಬೇರೆ. "ನಾಳೆ ವಾಷಿಂಗ್ ಮೆಷಿನ್ ಬರುತ್ತೆ. ಮೆಟ್ಟಿಲ ಕೆಳಗೆ ಬಿಟ್ರೆ ಜಾಗ ಇಲ್ಲ. ಓಡದೇ ಇರೋದನ್ನ ಇಟ್ಕೊಂಡು ಏನ್ ಮಾಡ್ತೀಯ? ಅಪ್ಪನೂ ಈಗ ಆ ಕಡೆ ತಲೆ ಹಾಕಲ್ಲ," ಎಂದ. ಕೊನೆಯ ಮಾತು ಅವಳಿಗೆ ಚುಚ್ಚಿತು. ಯಂತ್ರ ಹೋದರೆ ಮಾವನ ಬಾಗಿಲು ತಟ್ಟಲು ನೆಪವೂ ಹೋಗುತ್ತದೆ.

ಮರುದಿನ ರಜೆ. ತಿಂಡಿ ಮುಗಿಸಿ ಮೆಟ್ಟಿಲ ಕೆಳಗೆ ಕೂತವಳು ಕೊನೆಯ ಉಪಾಯಕ್ಕೆ ಕೈ ಹಾಕಿದಳು. ಕಣ್ಣಿಗೆ ಕಾಣುವಂಥ ಒಂದೇ ಒಂದು ಬದಲಾವಣೆ ಮಾಡಿ, ಅದು ಯಂತ್ರಕ್ಕೆ ಮುಟ್ಟುತ್ತದೋ ನೋಡುವುದು. ಸಿಟ್ಟಿನಲ್ಲಿದ್ದಳು; ಹೆಸರಿನಿಂದ ಮಾವನನ್ನು ಕಿತ್ತು ಬರೀ "ಸೊಸೆ ಕಂಪನಿ" ಮಾಡಿದಳು. ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟಿ, ಯಂತ್ರ ಚಾಲೂ ಮಾಡಿದಳು.

"ಮಾವ-ಸೊಸೆ ಕಂಪನಿ" ಎಂದಿತು ಪರದೆ.

ಲ್ಯಾಪ್‌ಟಾಪಿನ ದಾಖಲೆ ನೋಡಿದರೆ, ಯಂತ್ರ ಕೂಗಿದ್ದೂ ಇದೆ, ಲ್ಯಾಪ್‌ಟಾಪ್ "ಬಾ" ಎಂದದ್ದೂ ಇದೆ. ಇಷ್ಟು ದಿನ ಅಷ್ಟನ್ನೇ ನೋಡಿ ಸಮಾಧಾನಪಟ್ಟಿದ್ದಳು. ಯಂತ್ರ ಬಂದು ತೆಗೆದುಕೊಂಡು ಹೋದ ಸುಳಿವೇ ಇಲ್ಲ! ಲ್ಯಾಪ್‌ಟಾಪಿನ ಕೇಬಲ್ಲನ್ನೇ ಕಿತ್ತು ಮತ್ತೆ ಚಾಲೂ ಮಾಡಿದಳು. ಯಂತ್ರ ಆರಾಮಾಗಿ ಎದ್ದಿತು. ಹಾಗಾದರೆ ಕೊಡುತ್ತಿರುವುದು ಬೇರೆ ಯಾರೋ!

ತಂತಿಗಳೆಲ್ಲ ಕೂಡುವ ಪೆಟ್ಟಿಗೆಯಿಂದ ಒಂದು ನೀಲಿ ಕೇಬಲ್ ಗೋಡೆಯಂಚು ಹಿಡಿದು ಹೊರಟಿತ್ತು. ಸೊಸೆ ಅದರ ಹಿಂದೆಯೇ ಅಂಬೆಗಾಲಲ್ಲಿ ಹೋದಳು. ಅದು ಮಾವನ ಬಾಗಿಲ ಕೆಳಗೆ ನುಸುಳಿತ್ತು.

ಬಾಗಿಲು ತಟ್ಟಿ ಒಳಗೆ ಹೋದರೆ, ಮೇಜಿನ ಕೆಳಗೆ ಹಳೇ ಕಂಪ್ಯೂಟರೊಂದು ಗುರುಗುಟ್ಟುತ್ತಿತ್ತು. ಕದ್ದು ಸಕ್ಕರೆ ತಿನ್ನುವಾಗ ಸಿಕ್ಕಿಬಿದ್ದವರಂತೆ ಮಾವ ಎದ್ದು ನಿಂತರು.

"ಮಾವ, ಮೆಟ್ಟಿಲ ಕೆಳಗಿನ ಮೆಷಿನ್‌ಗೆ ಸಿಸ್ಟಂ ಕೊಡ್ತಿರೋದು ನೀವಾ?"

"ನಾನೆಲ್ಲಿ ಕೊಟ್ಟೆ? ನೀನು ಅಂಗಡಿಗೆ ಹೋದಾಗ ಒಂದೆರಡು ಸಲ ಇದರಿಂದ ಹಚ್ಚಿ ನೋಡಿದ್ದು ನಿಜ. ನಮ್ಮ ಅದೇ ಹಳೇ ಸಿಸ್ಟಂ."

"ನೋಡಿದ್ಮೇಲೆ ಇದನ್ನ ಆಫ್ ಮಾಡ್ಲಿಲ್ವಾ?"

"ಹೇಗೆ ಮಾಡ್ಲಿ? ಕಂಪೈಲರ್ ಕಟ್ತಾ ಇದೆಯಲ್ಲ. ಇದಕ್ಕೂ ನನ್ನ ಹಾಗೇ ವಯಸ್ಸಾಗಿದೆ, ದಿನಗಟ್ಟಲೆ ಎಳೆಯುತ್ತೆ. ಕೊನೇಲಿ ಎಲ್ಲೋ ಮುಗ್ಗರಿಸುತ್ತೆ. ಮತ್ತೆ ಮೊದಲಿಂದ."

"ಯಾವ ಕಂಪೈಲರ್?"

ಮಾವ ಕಿಟಕಿಯ ಕಡೆ ನೋಡಿದರು. "ನೀನು ಹೇಳಿದ್ದೇ. ಹೊಸದು. ಕಲಿತ್ಕೊಂಡು ಬರೋಣ ಅಂತ."

ಆಗಿದ್ದಿಷ್ಟು. ಸೊಸೆಯ ಲ್ಯಾಪ್‌ಟಾಪ್ ನಾಲ್ಕು ಕಡೆ ವಿಚಾರಿಸಿಕೊಂಡು ಆಮೇಲೆ ಉತ್ತರ ಕೊಡುವ ಜಾತಿ. ಮಾವನದು ಕೇಳಿದ ತಕ್ಷಣ ಎತ್ತಿಕೊಡುವ ಹಳೇ ಕಾಲದ್ದು. ಮೆಟ್ಟಿಲ ಕೆಳಗಿನ ಯಂತ್ರ ಮೊದಲು ಕೊಟ್ಟವರ ಕೈಯಿಂದ ಹಳೇ ಸಿಸ್ಟಂ ತೆಗೆದುಕೊಂಡಿತ್ತು; ಸೊಸೆ ತಿದ್ದಿದ್ದು ಯಾವುದೂ ಅದನ್ನು ಮುಟ್ಟಿರಲೇ ಇಲ್ಲ.

"ಅವತ್ತು ನಾನು ಹಾಗೆ ಅನ್ನಬಾರದಿತ್ತು ಮಾವ. ತಪ್ಪಾಯ್ತು." ಗೆಲ್ಲುವ ಮೊದಲೇ ಬಾಯಿಗೆ ಬಂದುಬಿಟ್ಟಿತ್ತು.

"ನೀನಂದಿದ್ದು ಸರಿಯಾಗೇ ಇತ್ತು. ಅದಕ್ಕೇ ನೋವಾಗಿದ್ದು," ಎಂದು ಮಾವ ನೀಲಿ ಕೇಬಲ್ಲಿಗೆ ಕೈ ಹಾಕಿದರು.

ಅವಳು ತಡೆದಳು. "ಕೀಳಬೇಡಿ. ಇನ್ಮೇಲೆ ನಿಮ್ಮದೇ ಕೊಡಲಿ. ನಾನು ಕಟ್ಟಿದ್ದನ್ನ ಇದಕ್ಕೇ ಹಾಕ್ತೀನಿ."

ಹಾಕಿದಳು. ಇಬ್ಬರೂ ಹೋಗಿ ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ಕೂತರು. ಮಾವ ಯಂತ್ರದ ಗುಂಡಿ ಒತ್ತಿದ ಮೇಲೆ ಅವಳಿಗೆ ನೆನಪಾಯಿತು, ಬೆಳಿಗ್ಗೆ ಏನನ್ನು ಕಿತ್ತಿದ್ದೆ ಎಂದು. ಹೊತ್ತು ಮೀರಿತ್ತು. ಮಾವನೇ ಬಿಡಿಸಿದ ಅಕ್ಷರಗಳಲ್ಲಿ "ಸೊಸೆ ಕಂಪನಿ" ಎಂದು ಪರದೆಯ ಮೇಲೆ ಬಂತು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ.

ಮಾವ ಓದಿದರು. ಒಂದು ಕೀ ಒತ್ತಿದರು. ಅಕ್ಷರ ಮೂಡಿತು. ಇನ್ನೊಂದು ಒತ್ತಿದರು, ಅದೂ ಮೂಡಿತು. ಸಿಸ್ಟಂ ನಿಲ್ಲಲಿಲ್ಲ. ತಪ್ಪು ಕಂಪೈಲರಿನದಿತ್ತೋ ಬರವಣಿಗೆಯದೋ, ಅವಳು ತಿದ್ದಿದ ತಿದ್ದುಪಡಿಗಳ ರಾಶಿಯಲ್ಲಿ ಇನ್ನು ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ.

"ಓಡ್ತಿದೆ," ಎಂದರು ಮಾವ. ಆಮೇಲೆ ಹೆಸರಿನ ಮೇಲೆ ಬೆರಳಿಟ್ಟು, "ಮಾವ ಎಲ್ಲಿಗೆ ಹೋದ?" ಎಂದು ಕೇಳಿದರು.

"ಕಂಪೈಲರ್ ಕಲಿಯೋಕೆ ಹೋಗಿದ್ರು," ಎಂದಳು ಸೊಸೆ, ಕಣ್ಣೊರೆಸಿಕೊಂಡು. "ಈಗ ಬಂದ್ರು." ಲ್ಯಾಪ್‌ಟಾಪ್ ತೊಡೆಯ ಮೇಲೆಳೆದುಕೊಂಡು ಕಿತ್ತದ್ದನ್ನು ಮತ್ತೆ ಬರೆಯತೊಡಗಿದಳು.

ವಾಷಿಂಗ್ ಮೆಷಿನ್‌ಗೆ ಜಾಗ ಅಳೆಯಲು ಟೇಪು ಹಿಡಿದು ಬಂದ ಗಂಡ, ಮೆಟ್ಟಿಲ ಕೆಳಗೆ ಎರಡು ಬೆನ್ನು ಕಂಡು ಒಂದು ಗಳಿಗೆ ನಿಂತ. ಬಚ್ಚಲಮನೆಯನ್ನು ಅಳೆಯಲು ಹೋದ.