ನಿಮ್ಮಮ್ಮನ ಬಿಲ್ಡು, ನನ್ನ ಕೈಯ ಬಳೆ ತಟ್ಟೆ

ಚಿನ್ನು, ಪುಟ್ಟಿ, ನಾಲ್ಕು ಜನರೆದುರು ಬಾಯಿ ಬಿಡದ ಅಜ್ಜಿ ಎಂದು ನನ್ನನ್ನು ನೋಡಿ ನಗುತ್ತೀರಿ. ನಗಿ. ಆದರೆ ಒಂದು ದಿನ ಬಾಯಿ ಬಿಟ್ಟಿದ್ದೆ. ಅದನ್ನು ಬರೆಯುತ್ತೇನೆ.

ನಿಮ್ಮಮ್ಮ, ನನ್ನ ಸೊಸೆ, ಕ್ಯಾಸಂಬಳ್ಳಿ ಹತ್ತಿರದ ನಮ್ಮ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಕಂಪ್ಯೂಟರಿನಲ್ಲಿ ಮೊದಲು ಎದ್ದು ಉಳಿದೆಲ್ಲವನ್ನೂ ನಡೆಸುವ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ದೇಶದೇಶದ ಜನ ಸೇರಿ ಅದನ್ನು ಬರೆಯುತ್ತಾರಂತೆ. ಬರೆದದ್ದು ಒಂದೇ ಆದರೂ ಲ್ಯಾಪ್‌ಟಾಪಿನ ಪ್ರೊಸೆಸರ್ ಬೇರೆ, ಫೋನಿನದು ಬೇರೆ. ಬರೆದದ್ದನ್ನು ಒಂದೊಂದಕ್ಕೂ ಒಗ್ಗುವಂತೆ ಬೇರೆಯಾಗಿ ಕಟ್ಟಬೇಕು, ಅದಕ್ಕೆ ಬಿಲ್ಡ್ ಎನ್ನುತ್ತಾರೆ. ಒಂದರಲ್ಲಿ ಸಲೀಸಾಗಿ ಆದದ್ದು ಇನ್ನೊಂದರಲ್ಲಿ ಕೈಕೊಡುತ್ತದೆ.

ಆ ಕರ್ನಲ್ಲಿಗೆ ತನ್ನ ಪಾಲಿನದನ್ನು ಅವಳು ರಾಗಿ ಬಿತ್ತುವಾಗ ಬರೆಯಲು ಶುರು ಮಾಡಿ, ಕುಯ್ಲಿನ ಹೊತ್ತಿಗೆ ಮುಗಿಸಿ ಕಳಿಸಿದ್ದಳು. ಅಂದು ಬೆಳಿಗ್ಗೆ ನಾನು ಡೈರಿಗೆ ಹಾಲು ಹಾಕಿ ಬಂದಾಗ ಅವಳ ಮುಖ ಸಪ್ಪಗಿತ್ತು.

“ನಮ್ಮ ಲ್ಯಾಪ್‌ಟಾಪಲ್ಲಿ ಆಗ್ತದೆ ಅತ್ತೆ. ಬೇರೆ ಪ್ರೊಸೆಸರ್‌ಗಳಿಗೆ ಬಿಲ್ಡ್ ಫೇಲು. ಸಂಜೆಯೊಳಗೆ ಸರಿ ಮಾಡ್ಲಿಲ್ಲಾಂದ್ರೆ ನಾನು ಬರೆದಿದ್ದೆಲ್ಲಾ ಕಿತ್ತಾಕ್ತಾರೆ.”

“ಯಾಕಂಗಾಯ್ತು?”

“ಪಕ್ಕದ ಮನೇಲಿ ದಿನಾ ಹೆಪ್ಪು ಈಸ್ಕೊಳ್ಳೋಳು ತೋಟದ ಒಂಟಿ ಮನೆಗೋದ್ರೆ ಮೊಸರೆಂಗ್ ಮಾಡ್ತಾಳೆ? ನನ್ನ ಫೈಲಿಗೆ ಬೇಕಾದ್ದು ಇಲ್ಲಿ ಬೇರೆ ಫೈಲಿಂದ ಸುಮ್ನೆ ಸಿಕ್ತಿತ್ತು. ಅಲ್ಲಿ ಆ ಪಕ್ಕದ ಮನೇನೇ ಇಲ್ಲ.”

“ಅಂಗಾರೆ ನಿನ್ನ ಹೆಪ್ಪು ನೀನೇ ಇಟ್ಕೊ.”

“ಅದೇ ಅತ್ತೆ. ಎಲ್ಲೆಲ್ಲಿ ಈಸ್ಕೊಂಡಿದೀನೋ ಉಡುಕ್ಬೇಕು. ಎಲ್ಲಾ ಪ್ರೊಸೆಸರ್‌ಗೂ ತಿರುಗಿ ಬಿಲ್ಡ್ ಹಾಕ್ಬೇಕು.”

ಅವತ್ತೇ ಬೂದಿಕೋಟೆಯಲ್ಲಿ ನನ್ನ ಓರಗಿತ್ತಿಯ ಬಸುರಿ ಮಗಳಿಗೆ ಬಳೆ ತೊಡಿಸುವ ಶಾಸ್ತ್ರ. ನಮ್ಮ ಮನೆಯಿಂದ ಒಬ್ಬ ಮುತ್ತೈದೆ ಬಳೆ ತಟ್ಟೆ ಹಿಡಿದು ಹೋಗುವುದು ಪದ್ಧತಿ. ಕರೆದೊಯ್ಯಲು ಓರಗಿತ್ತಿಯೇ ಆಟೋದಲ್ಲಿ ಬಂದಳು.

“ಏನೇ ಇದು? ಒಳ್ಳೆ ಸೀರೆ ಉಡೋದು ಬಿಟ್ಟು ನಿನ್ನ ಸೊಸೆ ಕಂಪ್ಯೂಟರ್ ಮುಂದೆ ಕೂತವ್ಳೆ! ಏಳಮ್ಮಿ, ಆಟೋ ಕಾಯ್ತದೆ.”

“ಸಂಜೆ ಬತ್ತೀನಿ ದೊಡ್ಡತ್ತೆ,” ಎಂದಳು ಸೊಸೆ.

“ಸಂಜೆ ಬಂದು ಎಂಜಲೆಲೆ ಎತ್ತೀಯಾ?”

ಸೊಸೆ ಎದ್ದೇಬಿಟ್ಟಳು. ಇಂಥ ಮಾತು ಬಂದಾಗ ನಾನು ಅಡುಗೆಮನೆಗೆ ಸರಿದುಬಿಡುವವಳು. ಅಂದು ಸರಿಯಲಿಲ್ಲ.

“ಅವಳು ಬರಲ್ಲ ಅಕ್ಕ. ತಟ್ಟೆ ನಾನು ಹಿಡೀತೀನಿ.”

“ನೀನಾ? ಗಂಡ ಸತ್ತೋಳು ಬಳೆ ತಟ್ಟೆ ಹಿಡೀತಾಳಾ? ಜನ ನನ್ನ ಮುಖಕ್ಕೆ ಉಗೀತಾರೆ!”

“ನಿನ್ನ ಮಗಳು ಹುಟ್ಟಿದಾಗ ಮೊದಲ ನೀರು ಉಯ್ದಿದ್ದು ಇದೇ ಕೈ. ಆಗ ಆಗಿದ್ದು ಈಗ್ಯಾಕಾಗಲ್ಲ? ನಾನು ಬ್ಯಾಡಾಂದ್ರೆ ನಮ್ಮನೆ ತಟ್ಟೇನೂ ಬರಲ್ಲ.”

“ಬಿಡಿ ಅತ್ತೆ, ನಾನೇ ಓಗ್ತೀನಿ.”

“ಕೂತ್ಕೊಳ್ಳೇ! ಎದ್ರೆ ಕಾಲು ಮುರೀತೀನಿ.”

ಓರಗಿತ್ತಿ ಹೋಗಿ ಆಟೋ ಹತ್ತಿದಳು, ತಟ್ಟೆ ಹಿಡಿದು ನಾನೂ ಹತ್ತಿದೆ. ಆಟೋ ಕುಲುಕಿದಾಗಲೆಲ್ಲ ತಟ್ಟೆಯ ಬಳೆಗಳು ಸದ್ದು ಮಾಡುತ್ತಿದ್ದವು. ಅವರ ಮನೆ ಬಾಗಿಲಲ್ಲಿ ಒಬ್ಬ ಹೆಂಗಸು ತಟ್ಟೆ ಇಸಿದುಕೊಳ್ಳಲು ಬಂದಳು, ಕೊಡಲಿಲ್ಲ. ಇಬ್ಬರು ಎದ್ದು ಹೊರಗೆ ಹೋಗಿ ಕೂತರು. ಕೂರಲಿ. ಬಸುರಿ ಹುಡುಗಿ ಅವರತ್ತ ಒಮ್ಮೆ ನೋಡಿದಳು, ಆಮೇಲೆ ನನ್ನ ಕಡೆ ಕೈ ಚಾಚಿದಳು. ಹಸಿರು ಬಳೆ ತೊಡಿಸಿದೆ. ಊಟಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಪಂಕ್ತಿಯಲ್ಲಿ ಕೂತು ಇನ್ನೊಂದು ಒಬ್ಬಟ್ಟು ಕೇಳಿ ಹಾಕಿಸಿಕೊಂಡೆ.

ಹೊತ್ತು ಮುಳುಗುವಾಗ ಬಸ್ಸಿಳಿದು ಬಂದರೆ ಸೊಸೆ ಬೆಳಗಿನ ಸೀರೆಯಲ್ಲೇ ಕೂತಿದ್ದಳು. ಮಧ್ಯಾಹ್ನ ಕರೆಂಟ್ ಹೋಗಿ ತಡವಾಗಿತ್ತು. ಕೊನೆಯ ಪ್ರೊಸೆಸರಿನ ಬಿಲ್ಡ್ ಓಡುತ್ತಿತ್ತು. ನನಗೆ ತಿಳಿಯದ ಸಾಲುಗಳು ಸರಸರ ಮೇಲೇರಿ ನಿಂತವು.

“ಎಲ್ಲದ್ರಲ್ಲೂ ಆಯ್ತು ಅತ್ತೆ!” ಎಂದವಳೇ ಸರಿಮಾಡಿದ್ದನ್ನು ಕಳಿಸಿದಳು. ಅವಳು ಬರೆದದ್ದು ಉಳಿಯಿತು. ಇವತ್ತಿಗೂ ಕರ್ನಲ್ಲಿನಲ್ಲಿದೆಯಂತೆ.

ಓರಗಿತ್ತಿ ಈ ಕಥೆಯನ್ನು ಬೇರೆ ಥರ ಹೇಳುತ್ತಾಳೆ: ಸೊಸೆಗೆ ಸೊಕ್ಕು, ಅತ್ತೆಗೆ ಹುಚ್ಚು ಎಂದು. ನಾಳೆ ನಿಮ್ಮ ಕಿವಿಗೂ ಅದೇ ಬೀಳುತ್ತದೆ. ಎದುರು ಕೂತು ವಾದ ಮಾಡುವುದು ನನಗೆ ಈಗಲೂ ಬರುವುದಿಲ್ಲ, ಅದಕ್ಕೇ ಬರೆದೆ. ಈ ಹಾಳೆಗಳನ್ನು ಹಳೇ ಪೇಪರಿನವನಿಗೆ ಹಾಕಬೇಡಿ. ನಿಮ್ಮಮ್ಮನ ಸರ್ಟಿಫಿಕೇಟುಗಳ ಜೊತೆಯಲ್ಲೇ ಜೋಪಾನವಾಗಿಡಿ.