ಮಣ್ಣು ಹಾರದ ಗುಂಡು

ಆಗಿನ್ನೂ ಮಿಶಿಗನ್ನಿನ ನಾರ್ತ್‌ವಿಲ್‌ನ ನಮ್ಮ ಗ್ಯಾರೇಜಿನಲ್ಲಿ ಒಂದೇ ಕಾರು ನಿಲ್ಲುತ್ತಿತ್ತು. ಎರಡನೆಯ ಕಾರಿನ ಜಾಗದಲ್ಲಿ ಅಮ್ಮನ ಮರದ ಮೇಜು ಇತ್ತು. ಅಪ್ಪನ ಕಾರು ಚಳಿಗಾಲವಿಡೀ ಹೊರಗೆ ಹಿಮ ಹೊದ್ದು ನಿಂತಿರುತ್ತಿತ್ತು. ಅವರು ಬೆಳಿಗ್ಗೆ ಗಾಜು ಕೆರೆಯುತ್ತ ಗೊಣಗುತ್ತಿದ್ದರು. ಶರತ್ಕಾಲದ ಸಂಜೆಗಳಲ್ಲಿ ಆ ಮೇಜಿನ ಬಳಿ ಮೂರು ವಾಸನೆಗಳು ಒಟ್ಟಿಗೆ ಇರುತ್ತಿದ್ದವು: ಜೇನುಮೇಣದ್ದು, ಸೀಸದ್ದು, ದೀಪಾವಳಿಯ ಮರುದಿನದ ಬೀದಿಯದು. ಊರಿನಲ್ಲಿ ಪಟಾಕಿ ಹೊಡೆದು ಬೆಳೆದವರಿಗೆ ಮೂರನೆಯದನ್ನು ವಿವರಿಸಬೇಕಿಲ್ಲ.

ಅಮ್ಮ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್. ಮೈಸೂರಿನಲ್ಲಿ ಓದುವಾಗ ಎನ್‌ಸಿಸಿಯಲ್ಲಿ ಗುರಿ ಹೊಡೆಯಲು ಕಲಿತಿದ್ದಳು. ಮಿಶಿಗನ್ನಿಗೆ ಬಂದ ಮೇಲೆ ಹಳೆಯ ಕಾಲದ ರೈಫಲ್ಲಿನ ಹುಚ್ಚು ಹತ್ತಿತು. ಒಂದು ಸಲಕ್ಕೆ ಒಂದೇ ಕಾಡತೂಸು ತುಂಬುವ ಕರಿಮದ್ದಿನ ರೈಫಲ್ ಅದು. ಗಂಧಕ, ಇದ್ದಿಲು, ಪೆಟ್ಲುಪ್ಪು ಬೆರೆತ ಆ ಮದ್ದು ಹೊಡೆದಾಗಲೆಲ್ಲ ಬಿಳಿ ಹೊಗೆಯ ಮೋಡ ಎಬ್ಬಿಸುತ್ತದೆ. ಹೊಗೆ ಸರಿಯುವತನಕ ಹೊಡೆದವರಿಗೇ ಗುರಿ ಕಾಣದು. ಆದ್ದರಿಂದ ಪಕ್ಕದಲ್ಲಿ ದುರ್ಬೀನಿಗೆ ಕಣ್ಣಿಟ್ಟು ಇನ್ನೊಬ್ಬರು ಕೂರಬೇಕು. ನನಗೆ ಹನ್ನೊಂದು ತುಂಬಿದ ಆ ವರ್ಷ ಅಮ್ಮನ ಪಕ್ಕ ಕೂತವಳು ನಾನು.

ಅದೇ ಶರತ್ಕಾಲಕ್ಕೆ ಅಪ್ಪನ ಅಮ್ಮ, ನನ್ನ ಅಜ್ಜಿ, ಮೈಸೂರಿನಿಂದ ಬಂದಿದ್ದರು. ಗ್ಯಾರೇಜಿನಲ್ಲಿ ಸಾಲಾಗಿ ನಿಂತಿದ್ದ, ಕಾಡತೂಸಿನ ಹಿತ್ತಾಳೆಯ ಖಾಲಿ ಕವಚಗಳನ್ನು ಮೊದಲ ಸಲ ನೋಡಿದಾಗ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಏನಮ್ಮ ಇದು, ಇಲಿಗೆ ಕಾಫಿ ಕೊಡೋ ಲೋಟಾನ?"

"ಹೂಂ ಅತ್ತೆ. ಕಾಫಿ ಸ್ವಲ್ಪ ಸ್ಟ್ರಾಂಗು," ಅಂದಳು ಅಮ್ಮ.

"ನಮ್ಮನೆ ಸೊಸೆ ಸೌಟು ಹಿಡೀತಾಳೆ ಅಂದ್ಕೊಂಡಿದ್ದೆ."

"ಸೌಟಿಗೆ ನಿಮ್ಮ ಮಗ ಇದಾರಲ್ಲ."

ಒಳಗಿನಿಂದ ಅಪ್ಪ, "ನನ್ನನ್ಯಾಕೆ ಎಳೀತೀರಿ, ಇಲ್ಲಿ ಉಪ್ಪಿಟ್ಟು ತಳ ಹಿಡೀತಿದೆ," ಎಂದು ಕೂಗಿದರು.

ಅಜ್ಜಿ ಹಾಗೆ ಮಾತನಾಡಿದರೂ ಸ್ಟೂಲು ಎಳೆದುಕೊಂಡು ಕೂತು ಎಲ್ಲವನ್ನೂ ನೋಡಿದರು. ಅಮ್ಮ ಮೊದಲು ಕವಚದ ಬುಡಕ್ಕೆ ಕಿಡಿ ಹಾರಿಸುವ ಸಣ್ಣ ಬಿಲ್ಲೆ ಒತ್ತುತ್ತಿದ್ದಳು. ಆಮೇಲೆ ಉದ್ದನೆಯ ಹಿತ್ತಾಳೆ ಕೊಳವೆಯ ಮೂಲಕ ಮದ್ದನ್ನು ನಿಧಾನವಾಗಿ ಸುರಿಯುತ್ತಿದ್ದಳು. ಮೇಲಿನಿಂದ ಬಿದ್ದ ಕಾಳು ಒತ್ತಾಗಿ ಕೂರುತ್ತದೆ. ಸೇರು ಕುಲುಕಿ ರಾಗಿ ಅಳೆದ ಹಾಗೆ ಎಂದು ಅಜ್ಜಿ ತಲೆಯಾಡಿಸಿದರು. ಮದ್ದಿನ ಮೇಲೆ ಒಂದು ರಟ್ಟಿನ ಚೂರು ಇಡುವುದು ನನ್ನ ಕೆಲಸ. ಕೊನೆಗೆ ಮೇಣ ಹಚ್ಚಿದ ಸೀಸದ ಗುಂಡು. ರೈಫಲ್ಲಿನ ಜೊತೆ ಇನ್ನೊಂದು ಸಾಮಾನು ಇತ್ತು. ಪ್ರತಿ ಗುಂಡಿನ ನಂತರ ಅದನ್ನು ಹಿಂದಿನಿಂದ ನಳಿಗೆಗೆ ಹಚ್ಚಿ ಉಸಿರು ಊದಬೇಕು. ಉಸಿರಿನ ತೇವಕ್ಕೆ ಒಳಗಿನ ಮಸಿ ಗಟ್ಟಿಯಾಗದೆ ಮೆದುವಾಗಿರುತ್ತದೆ. ಅಜ್ಜಿ ಅದನ್ನು ನೋಡಿದ್ದೇ, "ಊದುಗೊಳವೆ. ಒಲೆ ಮುಂದೆ ಕೂತು ನಾವೂ ಊದಿದ್ದೇ ಊದಿದ್ದು," ಅಂದರು.

ಹೊಡೆದ ಮೇಲೆ ಕವಚಗಳು ಮಸಿಯಾಗಿ, ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿದ್ದವು. ಅಮ್ಮ ಅವನ್ನು ಸೋಪಿನ ನೀರಿನಲ್ಲಿ ನೆನೆಹಾಕುತ್ತಿದ್ದಳು. ಅಜ್ಜಿ ಹುಣಸೆಹಣ್ಣು ಕಿವುಚಿ ತಂದರು. ಸಿಂಕಿನ ಪಕ್ಕ ನಿಂತು, ದೇವರ ದೀಪ ತೊಳೆದಂತೆ ಒಂದೊಂದನ್ನೂ ತಿಕ್ಕಿ ಬೆಳಗಿದರು. ಆಯುಧಪೂಜೆಯ ದಿನ ಅಪ್ಪನ ಕಾರು, ಹುಲ್ಲು ಕತ್ತರಿಸುವ ಯಂತ್ರ, ಅಮ್ಮನ ರೈಫಲ್ ಎಲ್ಲಕ್ಕೂ ಕುಂಕುಮ ಇಟ್ಟರು. ತಟ್ಟೆಯಲ್ಲಿ ಹೊಸ ಚಿನ್ನದಂತೆ ಆ ಕವಚಗಳು. ಅವುಗಳಲ್ಲೇ ಅಮ್ಮ ಮದ್ದು ತುಂಬಿ ವಾರಾಂತ್ಯದ ಸ್ಪರ್ಧೆಗೆ ಸಿದ್ಧಳಾದಳು.

ಇನ್ನು ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ.

ಸ್ಪರ್ಧೆಯ ಮೈದಾನ ಮನೆಯಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ. ಬೆಳಿಗ್ಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ ಇತ್ತು, ಗಾಳಿ ಇರಲಿಲ್ಲ. ಮೇಪಲ್ ಮರಗಳ ನಡುವಿನ ಬಯಲಿನ ಕೊನೆಗೆ ಗುರಿಯ ಕಾಗದಗಳು, ಅವುಗಳ ಹಿಂದೆ ಎತ್ತರದ ಮಣ್ಣಿನ ದಿಬ್ಬ. ಗುಂಡು ಕಾಗದವನ್ನು ತೂರಿದರೂ ತಪ್ಪಿದರೂ ಕೊನೆಗೆ ದಿಬ್ಬಕ್ಕೆ ಬಡಿಯಲೇಬೇಕು. ಬಡಿದ ಕಡೆ ಮಣ್ಣು ಹಾರುತ್ತದೆ. ಅಲ್ಲಿನ ಮೇಲ್ವಿಚಾರಕ ಡೇವ್ ಎಂಬ ಮುದುಕ. ನಾನು ಡೇವ್ ಅಂಕಲ್ ಎನ್ನುತ್ತಿದ್ದೆ, ಅವನಿಗೆ ಅದು ತಮಾಷೆ. ಶುರುವಾಗುವ ಮೊದಲು ಅವನು ಎಲ್ಲರಿಗೂ ಒಂದು ನಿಯಮ ಹೇಳುತ್ತಿದ್ದ: ಅಪಾಯ ಕಂಡವರು ಯಾರೇ ಆಗಲಿ, ಮಗುವೇ ಆಗಲಿ, "ಸೀಸ್ ಫೈರ್" ಎಂದು ಕೂಗಿದರೆ ಎಲ್ಲರೂ ಅಲ್ಲೇ ನಿಲ್ಲಿಸಬೇಕು. ಮಗು ಕೂಗಿದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅಮ್ಮ ಅಂದು ಚೆನ್ನಾಗಿ ಹೊಡೆಯುತ್ತಿದ್ದಳು. ಕೊನೆಯ ಎರಡು ಗುಂಡು ನೆಟ್ಟಗೆ ಬಿದ್ದರೆ ಮೊದಲ ಸ್ಥಾನ. ಹೊತ್ತು ಕಡಿಮೆ ಉಳಿದಿತ್ತು. ಅವಳು ರೈಫಲ್ಲಿನ ಕುದುರೆ ಎಳೆದಳು. ಅದೇ ಕ್ಷಣಕ್ಕೆ ಪಕ್ಕದವನೂ ಹೊಡೆದ. ಎರಡು ಸದ್ದು ಒಂದಾಯಿತು. ಅಮ್ಮನ ಭುಜ ಹಿಂದಕ್ಕೆ ಸರಿಯಿತು, ಎಂದಿನಷ್ಟಲ್ಲ. ಹೊಗೆ ಬಂತು, ಅದೂ ಎಂದಿನಷ್ಟಲ್ಲ. ನಾನು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.

"ಎಲ್ಲಿ ಬಿತ್ತು?"

"ಐ ಡಿಡಂಟ್ ಸೀ ಇಟ್."

"ಸರಿಯಾಗಿ ನೋಡು ಪುಟ್ಟಿ. ಕೆಳಗೆ ಬಿದ್ದಿರುತ್ತೆ."

"ಮಣ್ಣೇ ಹಾರ್ಲಿಲ್ಲ ಅಮ್ಮ."

"ಹೊಗೇಲಿ ಕಂಡಿರಲ್ಲ, ಬಿಡು. ಟೈಮಿಲ್ಲ."

ಅವಳು ಆಗಲೇ ಖಾಲಿ ಕವಚ ಹೊರಗೆ ತೆಗೆದಿದ್ದಳು. ಊದುವುದನ್ನು ಬಿಟ್ಟಳು. ಹೊಸ ಕಾಡತೂಸು ಒಳಗೆ ಹೋಯಿತು. ಎಡಗೈ ನಳಿಗೆಯ ಕೆಳಗೆ, ಕೆನ್ನೆ ಮರಕ್ಕೆ. ನನಗೆ ಕಂಡದ್ದು ಅಲುಗಾಡದ ದಿಬ್ಬ ಒಂದೇ. ಹೊರಟ ಗುಂಡು ದಿಬ್ಬ ಮುಟ್ಟಿಲ್ಲ ಎಂದಾದರೆ ಅದು ಎಲ್ಲಿದೆ ಎಂದು ಯೋಚಿಸಿದೆನೋ ಇಲ್ಲವೋ, ಹೇಳಲಾರೆ. ಮನೆಯಲ್ಲಿ ದೊಡ್ಡವರ ಮಾತು ಮುಗಿಯುವ ಮುಂಚೆ ಮಾತನಾಡಿ ಅಭ್ಯಾಸವಿರಲಿಲ್ಲ.

"ಸೀಸ್ ಫೈರ್."

ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಕಿರುಚಿದೆ. ಸಾಲಿನುದ್ದಕ್ಕೂ ರೈಫಲ್‌ಗಳು ಕೆಳಗಿಳಿದವು. ಅಮ್ಮನ ಬೆರಳು ಕುದುರೆಯಿಂದ ಹೊರಗೆ ಬಂತು. ಅವಳು ನನ್ನ ಕಡೆ ತಿರುಗಿದಾಗ ಮುಖದಲ್ಲಿ ಕೋಪವಿತ್ತು.

ಡೇವ್ ಅಂಕಲ್ ನಡೆದು ಬಂದ. "ಕೂಗಿದ್ದು ಯಾರು?"

"ನಾನು."

"ಏನು ನೋಡಿದೆ?"

"ಏನೂ ನೋಡಲಿಲ್ಲ. ಅದಕ್ಕೇ ಕೂಗಿದೆ."

ಯಾರೋ ನಕ್ಕರು. ಅವನು ನಗಲಿಲ್ಲ. ಅಮ್ಮ ಕಾಡತೂಸನ್ನು ಹೊರಗೆ ತೆಗೆದು, ಊದುಗೊಳವೆ ಹಚ್ಚಿ ಊದಿದಳು. ಕೆನ್ನೆ ಉಬ್ಬಿತು. ನಳಿಗೆಯ ತುದಿಯಿಂದ ಹೊಗೆಯ ಎಳೆಯೊಂದೂ ಬರಲಿಲ್ಲ. ಅವನು ತುದಿಯಿಂದ ಕಡ್ಡಿ ತೂರಿಸಿದ. ಅದು ಒಂದು ಕಡೆ ನಿಂತುಬಿಟ್ಟಿತು. ಆ ಕಡ್ಡಿಯನ್ನು ಹೊರಗಿನಿಂದ ನಳಿಗೆಗೆ ಹಿಡಿದು ಅಳತೆ ನೋಡಿದ. ಅಮ್ಮ ಎಡಗೈ ಇಟ್ಟಿದ್ದ ಜಾಗದಲ್ಲೇ ಸೀಸದ ಗುಂಡು ಒಳಗೆ ಕಚ್ಚಿಕೊಂಡಿತ್ತು.

"ಇನ್ನೊಂದು ಹೊಡೆದಿದ್ದರೆ ನಳಿಗೆ ಇಲ್ಲೇ ಸೀಳುತ್ತಿತ್ತು, ಡಾಕ್ಟರ್," ಅಂದ.

ಅಮ್ಮ ತನ್ನ ಕೈ ನೋಡಿಕೊಂಡಳು. ಸೋಮವಾರ ಬೆಳಿಗ್ಗೆ ಆ ಕೈ ಯಾರದೋ ಗಂಟಲಿಗೆ ಉಸಿರಿನ ನಳಿಕೆ ಇಳಿಸಬೇಕಿತ್ತು. ಸ್ಪರ್ಧೆ ಅವಳ ಪಾಲಿಗೆ ಮುಗಿಯಿತು. ಮನೆಯವರೆಗೂ ರೇಡಿಯೋ ಹಾಕಲಿಲ್ಲ.

ಮನೆಗೆ ಬಂದ ಮೇಲೆ ಉಳಿದ ಕಾಡತೂಸುಗಳನ್ನು ಅಮ್ಮ ಬಿಚ್ಚಿದಳು. ಕೆಲವುಗಳ ಬುಡದಲ್ಲಿ ಮದ್ದು ಅಂಟಂಟಾಗಿ ಗಂಟು ಕಟ್ಟಿತ್ತು. ಮೂಸಿ ನೋಡಿದಳು. ಆಮೇಲೆ ಅಜ್ಜಿಯನ್ನು ಕರೆದು ಕೇಳಿದಳು.

"ಹೌದು, ಒಳಗೆ ಎಳ್ಳೆಣ್ಣೆ ಸವರಿದೆ. ತೊಳೆದಿಟ್ಟ ಹಿತ್ತಾಳೆ, ಕಿಲುಬು ಹಿಡೀಬಾರ್ದು ಅಂತ. ಒಂದಷ್ಟಕ್ಕೆ ಹಚ್ಚೋ ಹೊತ್ತಿಗೆ ಊರಿಂದ ಫೋನ್ ಬಂತು, ಬಿಟ್ಟೆ. ಯಾಕೆ, ಬಣ್ಣ ಹೋಯ್ತಾ?"

ಅಜ್ಜಿಯ ಬೆನ್ನ ಹಿಂದೆ ನಿಂತಿದ್ದ ಅಪ್ಪ, ಹೇಳಬೇಡ ಎಂದು ಕೈಯಾಡಿಸಿದರು. ಅಮ್ಮ ನೋಡಿದಳು, ಆದರೂ ಹೇಳಿದಳು.

"ಎಣ್ಣೆ ಸೋಕಿದ್ರೆ ಮದ್ದು ಸಾಯುತ್ತೆ ಅತ್ತೆ. ಇವತ್ತು ಅರ್ಧಂಬರ್ಧ ಉರೀತು, ಗುಂಡು ಒಳಗೇ ನಿಲ್ತು. ಮಗು ಕೂಗಿದ್ದಕ್ಕೆ ಇನ್ನೊಂದು ಹೊಡೀಲಿಲ್ಲ. ತುಂಬಿದ್ದು ನಾನು, ನೋಡ್ಬೇಕಾದೋಳೂ ನಾನು. ಆದ್ರೆ ನಿಮಗೆ ಗೊತ್ತಿರ್ಬೇಕು."

"ಮಗು ಕೂಗದೇ ಹೋಗಿದ್ರೆ?" ಅಂದರು ಅಜ್ಜಿ.

ಅಮ್ಮ ತನ್ನ ಎಡಗೈ ಮುಂದೆ ಚಾಚಿದಳು. ಅಜ್ಜಿ ಅದನ್ನು ಮಡಿಲಿಗೆ ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. "ಇನ್ಮೇಲೆ ಯಾವುದಕ್ಕೆ ಎಣ್ಣೆ ಬೇಡ ಅಂತ ಮೊದಲೇ ಹೇಳ್ಬಿಡು ತಾಯಿ," ಅಂದರು.

ಊಟಕ್ಕೆ ಕೂತಾಗ ಅಮ್ಮ ನನ್ನನ್ನು ಕೇಳಿದಳು. "ಕೂಗೋವಾಗ ನಿಂಗೆಷ್ಟು ಖಾತ್ರಿ ಇತ್ತು?"

"ಹಾಫ್."

"ಅರ್ಧ ಸಾಕು," ಎಂದು ಅಮ್ಮ ನನ್ನ ತಟ್ಟೆಗೆ ತುಪ್ಪ ಬಡಿಸಿದಳು.

ಅಜ್ಜಿ ಈಗಿಲ್ಲ. ನಾನು ಶಿಕಾಗೋ ಕಡೆಗೆ ಬಂದು ವರ್ಷಗಳಾದವು. ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಎರಡು ಸಲ ಅಳೆದು, ಫೋಟೋ ತೆಗೆದು, ಪೂರ್ತಿ ಖಾತ್ರಿಯಾದ ಮೇಲೆ ಬಾಯಿ ಬಿಡುತ್ತೇನೆ. ನನ್ನ ಮಾತು ತಪ್ಪುವುದು ಕಡಿಮೆ, ಅದಕ್ಕೆ ಬೆಲೆಯೂ ಇದೆ. ಅಮ್ಮ ಇವತ್ತಿಗೂ ಗುರಿ ಹೊಡೆಯುತ್ತಾಳೆ, ಮೊದಲಿಗಿಂತ ಚೆನ್ನಾಗಿ. ಪಕ್ಕದಲ್ಲಿ ಕೂರಲು ಕಾಲೇಜು ಹುಡುಗಿಯೊಬ್ಬಳು ಸಿಕ್ಕಿದ್ದಾಳೆ. ಹೇಗಿದ್ದಾಳೆ ಎಂದು ಕಳೆದ ಭಾನುವಾರ ಫೋನಿನಲ್ಲಿ ಕೇಳಿದೆ.

"ಒಳ್ಳೆ ಕಣ್ಣು ಕಣೆ," ಅಂದಳು ಅಮ್ಮ. "ಆದ್ರೆ ಕಂಡಿದ್ದನ್ನ ಮಾತ್ರ ಹೇಳ್ತಾಳೆ."

ಈಗ ನಾನೂ ಅಷ್ಟೇ.