ಹಗೇವಿಗೆ ಅಡ್ಡ ಕುಂತ ತಿಪ್ಪಕ್ಕ

ಹರಿಯಬ್ಬೆಯ ತಿಪ್ಪಕ್ಕನಿಗೆ ಅನುಮಾನ ಜಾಸ್ತಿ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಹಾಲು ಕೊಂಡರೆ ಮೂಸಿ ನೋಡುವವಳು, ಬೀಗರು ನಕ್ಕರೆ ಯಾಕೆ ನಕ್ಕರು ಎಂದು ವಾರವಿಡೀ ಯೋಚಿಸುವವಳು. ಆದರೆ ಅನುಮಾನವನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಗಂಡನ ಅಣ್ಣ ಪಂಚಾಕ್ಷರಪ್ಪ ಮನೆಗೆ ಯಜಮಾನ. ಭಾವ ಪಡಸಾಲೆಯಲ್ಲಿ ಕೆಮ್ಮಿದರೆ ಸಾಕು, ಇವಳು ಸೆರಗು ಎಳೆದುಕೊಂಡು ಅಡುಗೆಮನೆ ಸೇರಿಬಿಡುತ್ತಿದ್ದಳು.

ಮೈಸೂರು ಸೀಮೆಗೆಲ್ಲ ಪ್ಲೇಗು ಬಡಿದ ಕಾಲ ಅದು. ಹತ್ತಿರದ ಊರುಗಳಲ್ಲಿ ಇಲಿ ಸತ್ತು ಬಿದ್ದ ಸುದ್ದಿ ಬಂದಾಗ ಭಾವ, ಇವಳ ಮಗಳು ಗಂಗಿಯನ್ನು ಧರ್ಮಪುರದ ನೆಂಟರ ಮನೆಗೆ ಕಳಿಸೋಣ, ಅಲ್ಲಿ ಏನೂ ಇಲ್ಲವಂತೆ ಎಂದ. ಗಾಡಿ ಹೂಡುವಾಗ ತಿಪ್ಪಕ್ಕನ ಮನಸ್ಸು ಯಾಕೋ ಒಪ್ಪಲಿಲ್ಲ. ಬೇಡ ಅನ್ನಬೇಕೆನಿಸಿತು. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಮಾತು ನುಂಗಿಕೊಂಡು, ಮಗಳ ತಲೆ ಬಾಚಿ ಕಳಿಸಿದಳು. ಧರ್ಮಪುರಕ್ಕೂ ಪ್ಲೇಗು ಬಂತು, ಕಂಕುಳಲ್ಲಿ ಗಡ್ಡೆ ಎದ್ದು ಕೂಸು ಅಲ್ಲೇ ತೀರಿಹೋಯಿತು. ಎಲ್ಲರೂ ಶಿವನಿಚ್ಛೆ ಎಂದರು. ತಿಪ್ಪಕ್ಕನಿಗೆ ಹಾಗನ್ನಿಸಲಿಲ್ಲ, ತನ್ನ ಮೇಲೇ ಸಿಟ್ಟು ಬಂತು.

ಕೊನೆಗೆ ಹರಿಯಬ್ಬೆಯಲ್ಲೂ ಇಲಿ ಬಿದ್ದವು. ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಒಯ್ದ ರಾಗಿ ಮುಗಿದಾಗ ಮನೆ ಮುಂದಿನ ಹಗೇವು ತೆಗೆಯದೆ ವಿಧಿ ಇರಲಿಲ್ಲ. ನೆಲದಲ್ಲಿ ಆಳವಾಗಿ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದ ಕಣಜ ಅದು. ಬಹಳ ದಿನ ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಅವಸರಪಟ್ಟು ಇಳಿದವರು ಕೂಗುವುದಕ್ಕೂ ಆಗದೆ ಸತ್ತದ್ದುಂಟು. ಅದಕ್ಕೇ ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು ವಾಡಿಕೆ. ದೀಪ ಉರಿದರೆ ಮನುಷ್ಯ ಇಳಿಯಬಹುದು.

ಬೆಳಿಗ್ಗೆ ಚಪ್ಪಡಿ ಸರಿಸಿದರು. ಖಾಲಿ ಊರಲ್ಲಿ ನಿಲ್ಲಲು ಪಂಚಾಕ್ಷರಪ್ಪನಿಗೆ ಜೀವ ಪುಕಪುಕ ಎನ್ನುತ್ತಿತ್ತು. ಹೊತ್ತು ನೆತ್ತಿಗೇರುವ ಮುಂಚೆಯೇ ದೀಪ ಇಳಿಬಿಟ್ಟ. ಉರಿಯಿತು.

"ಇಳಿಯೋ ಮುರುಗ," ಎಂದ ತಮ್ಮನಿಗೆ. ತಾನು ಇಳಿಯುವ ಮಾತೇ ಇಲ್ಲ, ಯಜಮಾನನ ಮರ್ಯಾದೆ ಏನಾಗಬೇಕು? ತಿಪ್ಪಕ್ಕನ ಗಂಡ ಮುರುಗಪ್ಪ ಅಣ್ಣನಿಗೆ ಎದುರಾಡಿ ಗೊತ್ತಿಲ್ಲದವನು, ಪಂಚೆ ಎತ್ತಿಕಟ್ಟಿದ.

ಚೀಲ ಹಿಡಿದು ನಿಂತಿದ್ದ ತಿಪ್ಪಕ್ಕ ಭಾವನ ಮುಖ ನೋಡಿದಳು. ಇಷ್ಟು ಅವಸರ ಯಾಕೆ? ದೀಪ ನೋಡಿದಳು. ಉರಿಯುತ್ತಿತ್ತು, ಸರಿ, ಆದರೂ ಅದರ ಮೇಲೆ ನಂಬಿಕೆ ಬರಲಿಲ್ಲ. ಗಂಗಿಯನ್ನು ಕಳಿಸಿದ ದಿನದ್ದೇ ಅನುಮಾನ. ಹೇಳಲು ಕಾರಣ ಇವತ್ತೂ ಇರಲಿಲ್ಲ. ಭಾವನೆದುರು ತಲೆಯೆತ್ತದ ಹೆಂಗಸು ಹೋಗಿ ಹಗೇವಿನ ಬಾಯಿಗೆ ಅಡ್ಡ ಕುಂತುಬಿಟ್ಟಳು.

"ಇವತ್ತು ಬ್ಯಾಡ ಭಾವ. ನಾಳೆ ಇಳೀಲಿ."

"ದೀಪ ಉರೀತೈತಲ್ಲಮ್ಮ. ಇನ್ನೇನು ಬೇಕು ನಿಂಗೆ?"

"ಗೊತ್ತಿಲ್ಲ. ನನ್ ಮನಸ್ಸು ಒಪ್ತಿಲ್ಲ."

"ನಿನ್ ಮನಸ್ಸು ಒಪ್ಪಲಿಲ್ಲ ಅಂತ ಹುಡುಗ್ರು ಉಪವಾಸ ಬೀಳ್ಬೇಕೇನು?"

"ಒಂದಿನ ಬೀಳ್ಲಿ. ಬಯ್ರಿ, ಏನಾರ ಮಾಡ್ರಿ, ನಾನು ಏಳಲ್ಲ."

ಪಂಚಾಕ್ಷರಪ್ಪ ಹಾರಾಡಿದ. ಆದರೆ ತಮ್ಮನ ಹೆಂಡತಿಯ ಮೈ ಮುಟ್ಟಿ ಎಬ್ಬಿಸುವಂತಿಲ್ಲ. ಎಬ್ಬಿಸಬೇಕಾದ ಮುರುಗಪ್ಪ ಹೆಂಡತಿಯ ಮುಖ ನೋಡಿ, ಎತ್ತಿಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟ.

ಮರುದಿನ ಅವನು ಇಳಿದ, ರಾಗಿ ತುಂಬಿಕೊಟ್ಟ, ಸುಖವಾಗಿ ಮೇಲೆ ಬಂದ. ಹಿಂದಿನ ದಿನ ಒಳಗೆ ಕೆಟ್ಟ ಗಾಳಿ ಇತ್ತೋ ಇಲ್ಲವೋ, ಹೇಳಬಲ್ಲವರು ಯಾರೂ ಇರಲಿಲ್ಲ. ಗುಡಿಸಲ ಸಾಲಿನಲ್ಲೆಲ್ಲ ಇವಳದೇ ನಗೆಚಾಟಿಕೆ.

"ನೋಡಿದ್ಯೇನಮ್ಮ, ಏನೂ ಇರ್ಲಿಲ್ಲ," ಎಂದು ಭಾವ ಎಲ್ಲರೆದುರು ಛೇಡಿಸಿದ.

ರಾಗಿ ಬೀಸುತ್ತಿದ್ದ ತಿಪ್ಪಕ್ಕ ಈ ಸಲ ಎದ್ದು ಒಳಗೆ ಹೋಗಲಿಲ್ಲ.

"ಏನೂ ಇರ್ಲಿಲ್ಲ ಅಂತ ಹೇಳಾಕೆ ನಿಮ್ ತಮ್ಮ ಮ್ಯಾಲೆ ಬಂದವ್ರೆ ಭಾವ, ಅಷ್ಟು ಸಾಕು. ಎಷ್ಟು ಬೇಕಾದ್ರೂ ನಗ್ರಿ."

ಮುರುಗಪ್ಪ ನಗಲಿಲ್ಲ. ಅಣ್ಣ ನೋಡುತ್ತಿದ್ದಂತೆಯೇ ಬೀಸುಕಲ್ಲಿನ ಆಚೆ ಬದಿಗೆ ಕುಂತು, ಗೂಟಕ್ಕೆ ತಾನೂ ಕೈ ಹಾಕಿದ.